ಸ್ಕ್ವಾಡ್ ಒಳಗೆ ಯಾರು, ಹೊರಗೆ ಯಾರು: ಐಎನ್‌ಜಿ ಬ್ಯಾಂಕಿನ ಅಜೈಲ್ ಪ್ರಕರಣ

2015ರ ಜೂನ್ ತಿಂಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಬ್ಯಾಂಕ್ ತನ್ನ ಮುಖ್ಯ ಕಚೇರಿಯ ಇಲಾಖೆಗಳನ್ನೇ ಕಳಚಿ ಹಾಕಿತು. ಮಾರ್ಕೆಟಿಂಗ್, ಪ್ರಾಡಕ್ಟ್, ಐಟಿ ಅಂತ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದ ಸುಮಾರು 3,500 ಜನರ ಕಚೇರಿ ಅದು. ಅಲ್ಲಿ 350ರಷ್ಟು ಪುಟ್ಟ ತಂಡಗಳು ಎದ್ದು ನಿಂತವು. ಒಂದೊಂದರಲ್ಲಿ ಹೆಚ್ಚೆಂದರೆ ಒಂಬತ್ತು ಜನ. ಈ ತಂಡಕ್ಕೆ ಸ್ಕ್ವಾಡ್ ಅಂತ ಹೆಸರು. ಒಂದಕ್ಕೊಂದು ಹೊಂದುವ ಕೆಲಸ ಇರುವ ಸ್ಕ್ವಾಡ್‌ಗಳೆಲ್ಲ ಸೇರಿದರೆ ಒಂದು ಟ್ರೈಬ್. ಅಂಥ ಟ್ರೈಬ್‌ಗಳು 13.

ಅಜೈಲ್ ಅಂದರೆ ಪುಟ್ಟ ತಂಡಗಳಲ್ಲಿ, ಸಣ್ಣ ಸಣ್ಣ ತುಂಡುಗಳಲ್ಲಿ ಕೆಲಸ ಮುಗಿಸುತ್ತ, ಕಲಿತ ಹಾಗೆ ದಾರಿ ಬದಲಿಸುವ ರೀತಿ. ಕಂಪನಿಯ ಎಲ್ಲ ಇಲಾಖೆಗೂ ಅದನ್ನು ತರುವ ಮಾತು ಬಂದಾಗಲೆಲ್ಲ ಈ ಬ್ಯಾಂಕಿನ ಹೆಸರು ಬಂದೇ ಬರುತ್ತದೆ. ಸ್ಲೈಡ್ ಮೇಲೆ ಚೌಕಗಳನ್ನು ಬಿಡಿಸಿ, 'ನೋಡಿ, ಬ್ಯಾಂಕೇ ಮಾಡಿದೆ, ನಮಗೇನು ಕಷ್ಟ' ಅಂತ ತೋರಿಸುತ್ತಾರೆ. ಆ ಚೌಕಗಳಲ್ಲಿ ಎರಡು ವಿಷಯ ಕಾಣುವುದಿಲ್ಲ. ಒಂದು, ಅಲ್ಲಿನ ಜನ ಅದಕ್ಕೆ ತೆತ್ತ ಬೆಲೆ. ಇನ್ನೊಂದು, ಬೇಕಂತಲೇ ಸ್ಕ್ವಾಡ್‌ಗಳ ಹೊರಗಿಟ್ಟ ಇಲಾಖೆಗಳು. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಕಲಿಯಲು ಸಿಗುವುದು ಎರಡನೆಯದರಲ್ಲೇ.

ಕಷ್ಟ ಇಲ್ಲದಾಗ ಹಿಡಿದ ಕೆಲಸ

2008ರ ಅಕ್ಟೋಬರ್‌ನಲ್ಲಿ, ಜಗತ್ತಿನ ಬ್ಯಾಂಕುಗಳೆಲ್ಲ ಅಲ್ಲಾಡುತ್ತಿದ್ದಾಗ, ಡಚ್ ಸರ್ಕಾರ ಐಎನ್‌ಜಿಗೆ 10 ಬಿಲಿಯನ್ ಯೂರೋ ಕೊಟ್ಟು ನಿಲ್ಲಿಸಿತ್ತು. ಆ ಸಾಲದ ಕೊನೆಯ ಕಂತು ತೀರಿದ್ದು 2014ರ ನವೆಂಬರ್‌ನಲ್ಲಿ. ಹೊಸ ರಚನೆಯ ಯೋಜನೆ ಶುರುವಾದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅಂದರೆ ಬ್ಯಾಂಕ್ ಆಗ ಮುಳುಗುತ್ತಿರಲಿಲ್ಲ, ಚೆನ್ನಾಗೇ ನಡೆಯುತ್ತಿತ್ತು. ಬದಲಾದದ್ದು ಗ್ರಾಹಕರು. ಶಾಖೆಗೆ ಬರುವವರು ಕಡಿಮೆಯಾಗಿ, ಮೊಬೈಲ್‌ನಲ್ಲೇ ಎಲ್ಲ ಮುಗಿಸುವವರು ಜಾಸ್ತಿಯಾಗಿದ್ದರು. ಅವರು ಐಎನ್‌ಜಿ ಆ್ಯಪನ್ನು ಹೋಲಿಸುತ್ತಿದ್ದದ್ದು ಪಕ್ಕದ ಬ್ಯಾಂಕಿನ ಆ್ಯಪ್ ಜತೆಗಲ್ಲ, ತಾವು ಹಾಡು ಕೇಳುವ, ಸಿನಿಮಾ ನೋಡುವ ಆ್ಯಪ್‌ಗಳ ಜತೆ.

ಬೆಂಗಳೂರಿನವರಿಗೆ ಐಎನ್‌ಜಿ ಹೊಸ ಹೆಸರೇನಲ್ಲ. 1930ರಲ್ಲಿ ಇಲ್ಲೇ ಹುಟ್ಟಿದ ವೈಶ್ಯ ಬ್ಯಾಂಕ್ 2002ರಲ್ಲಿ ಐಎನ್‌ಜಿ ವೈಶ್ಯ ಆಯಿತು. ಕಿತ್ತಳೆ ಸಿಂಹದ ಬೋರ್ಡ್ ನೆನಪಿರಬಹುದು. 2015ರ ಏಪ್ರಿಲ್ 1ಕ್ಕೆ ಅದು ಕೋಟಕ್ ಮಹೀಂದ್ರದಲ್ಲಿ ವಿಲೀನವಾಯಿತು. ಇಲ್ಲಿ ಆ ಬೋರ್ಡ್ ಇಳಿಯಲು ಶುರುವಾದ ಹೊತ್ತಿನಲ್ಲೇ ಅಲ್ಲಿ ಸ್ಕ್ವಾಡ್‌ಗಳು ಶುರುವಾದವು. ಹಾಗಾಗಿ ಈ ಪ್ರಯೋಗ ನಮ್ಮೂರಿನ ಶಾಖೆಗಳನ್ನು ಮುಟ್ಟಲೇ ಇಲ್ಲ.

ಐಎನ್‌ಜಿ ಐಟಿಯವರಿಗೂ ಅಜೈಲ್ ಹೊಸದಾಗಿರಲಿಲ್ಲ. 2010-11ರ ಸುಮಾರಿಗೇ ಅವರು ಸ್ಕ್ರಮ್ ಅನ್ನುವ ಅಜೈಲ್ ಪದ್ಧತಿ ಹಿಡಿದಿದ್ದರು. ದಿನಾ ನಿಂತೇ ಮಾತಾಡಿ ಮುಗಿಸುವ ಸ್ಟ್ಯಾಂಡ್-ಅಪ್ ನಡೆಯುತ್ತಿತ್ತು, ಕೆಲವೇ ವಾರದ ಗಡುವಿನಲ್ಲಿ ಒಂದಿಷ್ಟು ಕೆಲಸ ಮುಗಿಸುವ ಸ್ಪ್ರಿಂಟ್ ಓಡುತ್ತಿತ್ತು. ಆದರೂ ಹೊಸ ಸೌಲಭ್ಯ ಗ್ರಾಹಕರ ಕೈಗೆ ಸೇರುತ್ತಿದ್ದದ್ದು ವರ್ಷಕ್ಕೆ ಐದಾರು ಸಲ, ದೊಡ್ಡ ದೊಡ್ಡ ಬಿಡುಗಡೆಗಳಲ್ಲಿ. ಐಟಿ ಒಂದೇ ಓಡಿ ಏನು ಪ್ರಯೋಜನ, ಹಿಂದೆ ಮುಂದೆ ಇರುವವರು ನಡೆಯುತ್ತಿದ್ದರೆ?

ಇದನ್ನು ಹತ್ತಿರದಿಂದ ನೋಡೋಣ. ಮನೆ ಸಾಲದ ಅರ್ಜಿಯ ಮೂರನೇ ಪುಟದಲ್ಲಿ ಜನ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದಾರೆ ಅಂದುಕೊಳ್ಳಿ. ಅದು ಮೊದಲು ಕಾಣುವುದು ಡೇಟಾ ನೋಡುವವನಿಗೆ. ಅವನು ತನ್ನ ಮ್ಯಾನೇಜರ್‌ಗೆ ಹೇಳುತ್ತಾನೆ. ಆ ಮ್ಯಾನೇಜರ್ ಪ್ರಾಡಕ್ಟ್ ಇಲಾಖೆಗೆ ಮೇಲ್ ಹಾಕುತ್ತಾರೆ. ಪ್ರಾಡಕ್ಟ್‌ನವರು ಏನು ಬೇಕು ಅಂತ ಒಂದು ಡಾಕ್ಯುಮೆಂಟ್ ಬರೆಯುತ್ತಾರೆ. ಮಾರ್ಕೆಟಿಂಗ್‌ನವರು ಪದಗಳನ್ನು ತಿದ್ದುತ್ತಾರೆ. ಡಿಸೈನ್‌ನವರು ಪುಟ ಬಿಡಿಸುತ್ತಾರೆ. ಸ್ಟಿಯರಿಂಗ್ ಕಮಿಟಿ ಸೇರಿದಾಗ ಒಪ್ಪಿಗೆ ಸಿಗುತ್ತದೆ. ಆಮೇಲೆ ಐಟಿಯ ಸರದಿ. ಐಟಿ ಅದನ್ನು ಎರಡೇ ವಾರದ ಸ್ಪ್ರಿಂಟ್‌ನಲ್ಲಿ ಮುಗಿಸುತ್ತದೆ, ಮುಂದಿನ ದೊಡ್ಡ ಬಿಡುಗಡೆ ಬರುವ ತನಕ ಅದು ಸುಮ್ನೆ ಕಾಯುತ್ತದೆ. ಇಷ್ಟರಲ್ಲಿ ಕೆಲಸ ಮಾಡಿದ ಹೊತ್ತು ಕೆಲವೇ ದಿನ. ಉಳಿದದ್ದೆಲ್ಲ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗಲು ಕಾದ ಹೊತ್ತು.

ಆ ಕಾಯುವಿಕೆಯನ್ನು ಕಡಿಮೆ ಮಾಡಲು ಐಎನ್‌ಜಿ ಹಿಡಿದ ದಾರಿ ಸರಳ. ಆ ಆರೇಳು ಮೇಜುಗಳನ್ನು ಒಂದೇ ಕಡೆ ಹಾಕುವುದು. ಮಾರ್ಕೆಟಿಂಗ್‌ನವರು, ಪ್ರಾಡಕ್ಟ್ ಬಲ್ಲವರು, ಡಿಸೈನರ್, ಡೇಟಾ ಅನಲಿಸ್ಟ್, ಐಟಿ ಎಂಜಿನಿಯರ್, ಎಲ್ಲರೂ ಒಂದೇ ಸ್ಕ್ವಾಡ್. ಗ್ರಾಹಕನ ಒಂದು ಕೆಲಸ ಮೊದಲಿಂದ ಕೊನೆ ತನಕ ಅವರದ್ದೇ. ಆ ಕೆಲಸ ಮುಗಿದರೆ ಸ್ಕ್ವಾಡ್ ಕೂಡ ಮುಗಿಯಿತು.

ಬಾಸ್ ಯಾರು?

ಇಲ್ಲಿ ಬರುವ ಮೊದಲ ಪ್ರಶ್ನೆ ಇದೇ ಅಲ್ವಾ? ಸ್ಕ್ವಾಡ್‌ನಲ್ಲಿ ಪ್ರಾಡಕ್ಟ್ ಓನರ್ ಇರುತ್ತಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ನೋಡಿಕೊಳ್ಳುವುದು ಅವರು. ಆದರೆ ಅವರು ಬಾಸ್ ಅಲ್ಲ, ತಂಡದ ಒಬ್ಬ ಸದಸ್ಯ ಅಷ್ಟೆ. ಟ್ರೈಬ್ ಲೀಡ್ ಕೈಯಲ್ಲಿ ಆದ್ಯತೆ ಮತ್ತು ದುಡ್ಡು ಇರುತ್ತದೆ. ಒಂದೇ ಕಸುಬಿನವರು, ಉದಾಹರಣೆಗೆ ಬೇರೆ ಬೇರೆ ಸ್ಕ್ವಾಡ್‌ಗಳಲ್ಲಿರುವ ಡೇಟಾ ಅನಲಿಸ್ಟ್‌ಗಳು, ಸೇರಿ ಒಂದು ಚಾಪ್ಟರ್. ಅವರ ಕೆಲಸದ ಗುಣಮಟ್ಟ, ಅಪ್ರೈಸಲ್, ಬೆಳವಣಿಗೆ ನೋಡುವುದು ಚಾಪ್ಟರ್ ಲೀಡ್.

ಏನು ಮಾಡಬೇಕು ಅನ್ನುವುದು ಒಬ್ಬರ ಕೈಯಲ್ಲಿ, ಹೇಗೆ ಮಾಡಬೇಕು ಅನ್ನುವುದು ಇನ್ನೊಬ್ಬರ ಕೈಯಲ್ಲಿ. ನಮ್ಮ ಕಡೆಯ ಕಂಪನಿಗಳು ಹೆಸರುಗಳನ್ನು ಮಾತ್ರ ತಂದು, ಈ ಎರಡನ್ನೂ ಹಳೆಯ ಮ್ಯಾನೇಜರ್‌ಗೇ ಬಿಟ್ಟುಬಿಡುತ್ತವೆ. ಆಗ ಸ್ಕ್ವಾಡ್ ಅನ್ನುವುದು ಟೀಮ್‌ಗೆ ಇಟ್ಟ ಹೊಸ ಹೆಸರು ಮಾತ್ರ.

ಐಎನ್‌ಜಿಯಲ್ಲಿ ಇನ್ನೂ ಒಂದು ಬೇರು ಕಿತ್ತರು. ಮೊದಲು ಮ್ಯಾನೇಜರ್‌ನ ತೂಕ ಅಳೆಯುತ್ತಿದ್ದದ್ದು ಕೈಕೆಳಗೆ ಎಷ್ಟು ಜನ, ಪ್ರಾಜೆಕ್ಟ್ ಎಷ್ಟು ದೊಡ್ಡದು ಅನ್ನುವುದರಿಂದ. ಸಂಬಳವೂ ಅದರ ಮೇಲೇ. ಹೊಸ ರೀತಿಯಲ್ಲಿ ಲೆಕ್ಕ ಜ್ಞಾನದ್ದು. ನಿನಗೆ ಏನು ಗೊತ್ತು, ಅದನ್ನು ಹೇಗೆ ಬಳಸುತ್ತೀಯ. ಕೈಕೆಳಗಿನ ತಲೆ ಎಣಿಸಿ ಸಂಬಳ ಕೊಡುವ ಕಡೆ ಯಾವ ಮ್ಯಾನೇಜರ್ ತಾನೇ ತನ್ನ ಜನರನ್ನು ಸ್ಕ್ವಾಡ್‌ಗೆ ಬಿಟ್ಟುಕೊಟ್ಟಾನು? ಎಚ್‌ಆರ್ ಇಲಾಖೆ ಅಜೈಲ್ ಆಗುವುದು ಅಂದರೆ ಕೆಲಸಗಳನ್ನು ಬರೆದ ಬಣ್ಣದ ಚೀಟಿ ಗೋಡೆಗೆ ಅಂಟಿಸುವುದಲ್ಲ, ಈ ಸಂಬಳದ ನಿಯಮವನ್ನು ಮುಟ್ಟುವುದು.

ಎಲ್ಲರ ಕೆಲಸವೂ ಖಾಲಿ

ಈಗ ಬೆಲೆಯ ವಿಷಯ. ಆಗ ಐಎನ್‌ಜಿ ನೆದರ್‌ಲ್ಯಾಂಡ್ಸ್‌ನ ಸಿಒಒ (ದಿನದ ಕಾರ್ಯಾಚರಣೆಯ ಮುಖ್ಯಸ್ಥ) ಆಗಿದ್ದವರು ಬಾರ್ಟ್ ಸ್ಲಾಟ್‌ಮನ್, ಸಿಐಒ (ಐಟಿ ಮುಖ್ಯಸ್ಥ) ಪೀಟರ್ ಜೇಕಬ್ಸ್. ಮುಂದೆ ಇಬ್ಬರೂ ಈ ಬದಲಾವಣೆಯ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ. ಅವರು ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಮುಖ್ಯ ಕಚೇರಿಯ ಎಲ್ಲರನ್ನೂ ಒಮ್ಮೆಗೇ ಹುದ್ದೆಯಿಂದ ಬಿಡಿಸಿದರು. ಕಾಗದದ ಮೇಲೆ ಯಾರಿಗೂ ಕೆಲಸ ಇಲ್ಲ. ಹೊಸ ರಚನೆಯಲ್ಲಿ ಜಾಗ ಬೇಕಿದ್ದರೆ ಎಲ್ಲರೂ ಮತ್ತೆ ಅರ್ಜಿ ಹಾಕಬೇಕು.

ಆಯ್ಕೆಯಲ್ಲಿ ಅನುಭವಕ್ಕಿಂತ ಮನೋಭಾವಕ್ಕೆ ಜಾಸ್ತಿ ತೂಕ. ಕೊನೆಗೆ ಸುಮಾರು ಶೇಕಡ 40ರಷ್ಟು ಜನ ಹಿಂದಿನದಕ್ಕಿಂತ ಬೇರೆ ಹುದ್ದೆಯಲ್ಲಿ ಕೂತರು. ಒಳ್ಳೆಯ ತಿಳಿವಳಿಕೆ ಇದ್ದ ಬಹಳ ಜನ ಹೊರಗೆ ಹೋದರು. ಇದನ್ನು ಸ್ಲಾಟ್‌ಮನ್ ಅವರೇ ಮುಚ್ಚಿಡದೆ ಒಪ್ಪಿಕೊಂಡರು. ತಿಳಿವಳಿಕೆಯನ್ನು ಮತ್ತೆ ಗಳಿಸಬಹುದು, ಮನೋಭಾವ ಹಾಗಲ್ಲ ಅನ್ನುವುದು ಅವರ ವಾದ.

ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊಬೈಲ್ ಆ್ಯಪ್‌ನ ಪುಟ ಮಾಡುವಲ್ಲಿ ಸರಿ ಇರಬಹುದು. ಆದರೆ ಹಳೆಯ ಬ್ಯಾಂಕ್ ಸಿಸ್ಟಮ್‌ನಲ್ಲಿ ಯಾವ ತಂತಿ ಎಲ್ಲಿಗೆ ಹೋಗಿದೆ ಅಂತ ತಲೆಯಲ್ಲೇ ಇಟ್ಟುಕೊಂಡವರು ಪ್ರತಿ ಬ್ಯಾಂಕಿನಲ್ಲೂ ಕೆಲವರಿರುತ್ತಾರೆ. ಅವರಿಗೆ ಬಣ್ಣದ ಚೀಟಿ, ಬೆಳಗಿನ ಸ್ಟ್ಯಾಂಡ್-ಅಪ್ ಅಂದರೆ ಕಿರಿಕಿರಿ. ಇಂಟರ್‌ವ್ಯೂನಲ್ಲಿ ಅವರ ಮನೋಭಾವಕ್ಕೆ ಒಳ್ಳೆ ಮಾರ್ಕ್ಸ್ ಬೀಳುವುದು ಅನುಮಾನ. ಅವರು ಹೋದ ಮೇಲೆ ಆ ತಿಳಿವಳಿಕೆಯನ್ನು ಯಾರಿಂದ ಗಳಿಸುವುದು?

ಇನ್ನೊಂದು ಕಡೆ ಇದೇ ಜನರು ಮಾಡಿದ ಒಂದು ಕೆಲಸ ನನಗೆ ತುಂಬ ಹಿಡಿಸಿತು. ಹೊಸದಾಗಿ ಸೇರಿದವರಿಗೆ ಮೂರು ವಾರದ ತರಬೇತಿ. ಅದರಲ್ಲಿ ಕನಿಷ್ಠ ಒಂದು ಇಡೀ ವಾರ ಕಾಲ್ ಸೆಂಟರ್‌ನಲ್ಲಿ ಕೂತು ಗ್ರಾಹಕರ ಫೋನ್ ಎತ್ತಬೇಕು. ಎಂಜಿನಿಯರ್ ಆದರೂ ಸರಿ, ದೊಡ್ಡ ಹುದ್ದೆಯವರಾದರೂ ಸರಿ. ಶೂ ಮಾರುವ ಅಮೆರಿಕದ ಝಾಪೋಸ್ ಕಂಪನಿಯಿಂದ ತಂದ ಪದ್ಧತಿ ಇದು. ಕಾರ್ಡ್ ಬ್ಲಾಕ್ ಆಗಿ ಅಂಗಡಿ ಮುಂದೆ ನಿಂತವನ ದನಿ ಕೇಳಿದವನಿಗೆ ಆ ಕೆಲಸ ಪಟ್ಟಿಯಲ್ಲಿ ಎಷ್ಟನೆಯದಾಗಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಫಲ ಬಂದದ್ದು ನಿಜ. ವರ್ಷಕ್ಕೆ ಐದಾರು ಇದ್ದ ಬಿಡುಗಡೆಗಳು ಎರಡು ಮೂರು ವಾರಕ್ಕೊಮ್ಮೆ ಆದವು. ಮೂರು ತಿಂಗಳಿಗೊಮ್ಮೆ ಪ್ರತಿ ಟ್ರೈಬ್ ತಾನು ಏನು ಮಾಡಿದೆ, ಎಲ್ಲಿ ಸೋತೆ, ಅದರಿಂದ ಏನು ಕಲಿತೆ, ಮುಂದೆ ಏನು ಮಾಡಲಿದ್ದೇನೆ ಅಂತ ಬರೆದು ಎಲ್ಲರ ಮುಂದಿಡುವ ಪದ್ಧತಿ ಬಂತು.

ಹೊರಗೆ ಉಳಿದವರು

ಬೆನ್ನು ತಟ್ಟುವ ಲೇಖನಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಭಾಗಕ್ಕೆ ಈಗ ಬಂದೆವು. ಶಾಖೆಗಳು, ಕಾಲ್ ಸೆಂಟರ್, ಆಪರೇಷನ್ಸ್, ಐಟಿ ಇನ್‌ಫ್ರಾಸ್ಟ್ರಕ್ಚರ್, ಫೈನಾನ್ಸ್, ಲೀಗಲ್, ಆಪರೇಷನಲ್ ರಿಸ್ಕ್ (ಕೆಲಸದಲ್ಲಿ ಎಲ್ಲಿ ಎಡವಟ್ಟಾಗಬಹುದು ಅಂತ ನೋಡುವವರು). ಇವು ಯಾವುವೂ ಸ್ಕ್ವಾಡ್ ಆಗಲಿಲ್ಲ.

ಆದರೆ ಎಲ್ಲವನ್ನೂ ಒಂದೇ ಕಾರಣಕ್ಕೆ ಹೊರಗಿಡಲಿಲ್ಲ. ಕಾಲ್ ಸೆಂಟರ್, ಆಪರೇಷನ್ಸ್ ಕಡೆ ತಮ್ಮ ಕೆಲಸವನ್ನು ತಾವೇ ನಡೆಸಿಕೊಳ್ಳುವ ತಂಡಗಳನ್ನು ಮಾಡಿದರು. ಅವರಿಗೆ ಸ್ಪ್ರಿಂಟ್ ಕೊಟ್ಟು ಪ್ರಯೋಜನವಿಲ್ಲ. ಫೋನ್ ಬಂದಾಗ ಎತ್ತಬೇಕು, ಎರಡು ವಾರದ ಪ್ಲಾನ್‌ನಲ್ಲಿ ಹಾಕಲು ಆಗುವುದಿಲ್ಲ. ಅಲ್ಲಿ ಮೇಲ್ವಿಚಾರಣೆ ಕಡಿಮೆ ಮಾಡಿ, ಜವಾಬ್ದಾರಿ ಜಾಸ್ತಿ ಕೊಟ್ಟರು. ಶಾಖೆಗಳಲ್ಲಿ ದಿನಾ ಬೆಳಗ್ಗೆ ನಿಂತು ಮಾತಾಡುವ ಪದ್ಧತಿ ತಂದರು. ಅಷ್ಟು ಸಾಕಿತ್ತು.

ಫೈನಾನ್ಸ್, ಲೀಗಲ್, ರಿಸ್ಕ್ ಹೊರಗೆ ಉಳಿದದ್ದಕ್ಕೆ ಕಾರಣ ಬೇರೆ. ಅವರು ಸ್ವತಂತ್ರವಾಗಿ ಇರಬೇಕು. ಸ್ಕ್ವಾಡ್‌ಗೆ ಬೇಕಾದಾಗ ಅವರನ್ನು ಕರೆದು ಸಲಹೆ ಕೇಳಬಹುದು, ಆದರೆ ಅವರು ಸ್ಕ್ವಾಡ್‌ನವರಲ್ಲ. ಇದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಹೊಸ ಸೌಲಭ್ಯ ಬೇಗ ಹೊರಡಲಿ ಅಂತ ತವಕಿಸುವ ಒಂಬತ್ತು ಜನರಲ್ಲಿ ರಿಸ್ಕ್ ನೋಡುವವನೂ ಒಬ್ಬನಾದರೆ, ಸ್ವಲ್ಪ ದಿನಕ್ಕೆ ಅವನಿಗೂ ಅದೇ ತವಕ ಹತ್ತುತ್ತದೆ. ದಿನಾ ಜತೆಗೆ ಊಟ ಮಾಡುವವರಿಗೆ 'ಬೇಡ' ಅನ್ನುವುದು ಕಷ್ಟ.

ತೊಂದರೆ ಇರುವುದು ಇಲ್ಲಿ: ಸ್ವತಂತ್ರವಾಗಿ ಇಡುವುದು ಒಂದು, ಹಿಂದೆ ಬಿಡುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

2018ರ ಸೆಪ್ಟೆಂಬರ್ 4ರಂದು ಐಎನ್‌ಜಿ ಡಚ್ ಪ್ರಾಸಿಕ್ಯೂಟರ್‌ಗಳ ಜತೆ 775 ಮಿಲಿಯನ್ ಯೂರೋಗೆ ರಾಜಿಯಾಯಿತು. ಅದರಲ್ಲಿ 675 ಮಿಲಿಯನ್ ದಂಡ, 100 ಮಿಲಿಯನ್ ಅಕ್ರಮ ಲಾಭದ ವಾಪಸಾತಿ. ಆರೋಪ ಏನೆಂದರೆ, 2010ರಿಂದ 2016ರ ತನಕ ಕಪ್ಪು ಹಣ ಬಿಳಿ ಮಾಡುವವರನ್ನು ಬ್ಯಾಂಕ್ ತಡೆಯಬೇಕಾದಷ್ಟು ತಡೆಯಲಿಲ್ಲ. ಒಳ ಉಡುಪು ವ್ಯಾಪಾರದ ಒಂದು ಕಂಪನಿ ಐಎನ್‌ಜಿ ಖಾತೆಗಳ ಮೂಲಕ 150 ಮಿಲಿಯನ್ ಯೂರೋದಷ್ಟು ಹಣ ಸಾಗಿಸಿದ್ದೂ ಅದರಲ್ಲಿ ಸೇರಿತ್ತು. ಬ್ಯಾಂಕಿನ ಸಿಎಫ್‌ಒ (ಹಣಕಾಸು ಮುಖ್ಯಸ್ಥ) ಕೂಸ್ ಟಿಮ್ಮರ್‌ಮನ್ಸ್ ಹುದ್ದೆ ಬಿಟ್ಟರು.

ಇದಕ್ಕೆ ಅಜೈಲ್ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾಲ ನೋಡಿದರೇ ಗೊತ್ತಾಗುತ್ತದೆ, ಲೋಪ ಸ್ಕ್ವಾಡ್‌ಗಳಿಗಿಂತ ಐದು ವರ್ಷ ಹಳೆಯದು. ಆದರೆ ತನಿಖೆಯಲ್ಲಿ ಬಯಲಾದ ಒಂದು ವಿವರವನ್ನು ಅಜೈಲ್ ಮಾಡುವ ಎಲ್ಲರೂ ಓದಬೇಕು. ಅನುಮಾನ ಬರುವ ವ್ಯವಹಾರ ಕಂಡರೆ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ಬ್ಯಾಂಕಿನಲ್ಲಿತ್ತು. ಅದು ಎಷ್ಟು ಎಚ್ಚರಿಕೆ ಕೊಡಬೇಕು ಅನ್ನುವುದನ್ನು, ನೋಡಲು ಎಷ್ಟು ಜನ ಇದ್ದಾರೆ ಅನ್ನುವುದಕ್ಕೆ ಸರಿಯಾಗಿ ಕಡಿಮೆ ಮಾಡಿ ಇಟ್ಟಿದ್ದರು.

ಕಾನ್‌ಬಾನ್ ಅನ್ನುವ ಕೆಲಸದ ಪದ್ಧತಿ ಬಲ್ಲವರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನ್ನಿಸಬೇಕು. ಟೊಯೋಟಾ ಕಾರ್ಖಾನೆಯಿಂದ ಬಂದ ಆ ಪದ್ಧತಿಯ ಮೊದಲ ಪಾಠವೇ, ಕೈಗೆ ಆಗುವಷ್ಟೇ ಕೆಲಸ ಎಳೆದುಕೊಳ್ಳಿ, ಅದಕ್ಕೊಂದು ಮಿತಿ ಹಾಕಿ ಅನ್ನುವುದು. ಸಾಫ್ಟ್‌ವೇರ್ ತಂಡಕ್ಕೆ ಇದು ಬಲು ಒಳ್ಳೆಯ ಶಿಸ್ತು. ಹೊಸ ಬಟನ್ ಈ ವಾರ ಬರದಿದ್ದರೆ ಮುಂದಿನ ವಾರ ಬರುತ್ತದೆ, ಯಾರ ಗಂಟೂ ಹೋಗುವುದಿಲ್ಲ. ಎಚ್ಚರಿಕೆಯ ವಿಷಯದಲ್ಲಿ ಅದೇ ಮಿತಿ ಕಾನೂನು ಮುರಿದ ಹಾಗೆ. ಅಲ್ಲಿ ಕೆಲಸ ಜಾಸ್ತಿ ಬಂದರೆ ಕೆಲಸ ಕಡಿಮೆ ಮಾಡಲು ಬರುವುದಿಲ್ಲ, ಜನರನ್ನೇ ಜಾಸ್ತಿ ಮಾಡಬೇಕು. ಐಎನ್‌ಜಿ ಆಮೇಲೆ ಮಾಡಿದ್ದೂ ಅದನ್ನೇ. ಗ್ರಾಹಕರ ಗುರುತು ಮತ್ತು ವ್ಯವಹಾರ ತಪಾಸಣೆಯ ಕೆಲಸಕ್ಕೆ ಸಾವಿರಾರು ಜನರನ್ನು ಹಾಕಿತು. 2020ರಲ್ಲಿ ಇನ್ನೂ ನಾಲ್ಕು ಡಚ್ ಬ್ಯಾಂಕುಗಳ ಜತೆ ಸೇರಿ ವ್ಯವಹಾರಗಳನ್ನು ಒಟ್ಟಾಗಿ ಗಮನಿಸುವ ಸಂಸ್ಥೆಯೊಂದನ್ನೂ ಕಟ್ಟಿತು.

ಸ್ಪಾಟಿಫೈಯಿಂದ ತಂದದ್ದು, ಬೆಲ್ಜಿಯಂಗೆ ಹೊರಟದ್ದು

ಸ್ಕ್ವಾಡ್, ಟ್ರೈಬ್, ಚಾಪ್ಟರ್ ಈ ಹೆಸರುಗಳು ಸ್ವೀಡನ್ನಿನ ಸ್ಪಾಟಿಫೈ ಕಂಪನಿಯವು. 2012ರಲ್ಲಿ ಹೆನ್ರಿಕ್ ಕ್ನಿಬರ್ಗ್ ಮತ್ತು ಆಂಡರ್ಸ್ ಇವಾರ್ಸನ್ ಅಲ್ಲಿನ ಕೆಲಸದ ರೀತಿಯನ್ನು ಬರೆದಿಟ್ಟರು. ಆಗ ಅಲ್ಲಿದ್ದದ್ದು ಮೂರು ಊರುಗಳಲ್ಲಿ 30ಕ್ಕೂ ಹೆಚ್ಚು ತಂಡ. ಇದು ಈ ಹೊತ್ತಿನ ಚಿತ್ರ ಅಷ್ಟೆ, ನಾಳೆ ಬದಲಾಗುತ್ತದೆ ಅಂತ ಅವರೇ ಎಚ್ಚರಿಸಿದ್ದರು. ಜಗತ್ತು ಆ ಎಚ್ಚರಿಕೆ ಬಿಟ್ಟು ಚಿತ್ರವನ್ನು ಮಾತ್ರ ಎತ್ತಿಕೊಂಡಿತು. ಐಎನ್‌ಜಿ ಅಷ್ಟರ ಮಟ್ಟಿಗೆ ಜಾಣತನ ತೋರಿತು: ಸುಮಾರು ಎಂಟೊಂಬತ್ತು ತಿಂಗಳು ಯೋಜನೆಗೇ ಕೊಟ್ಟು, ಕೆಲವು ಸ್ಕ್ವಾಡ್‌ಗಳನ್ನು ಮೊದಲು ಪ್ರಯೋಗಕ್ಕೆ ಹಾಕಿ ನೋಡಿತು.

ಒಂದು ದೇಶದ ಮುಖ್ಯ ಕಚೇರಿಯಲ್ಲಿ ಗೆದ್ದದ್ದನ್ನು ಎಲ್ಲ ದೇಶಕ್ಕೂ ಹಬ್ಬಿಸಲು ಹೋದಾಗ ಹಾದಿ ಕಡಿದಾಯಿತು. 2016ರ ಅಕ್ಟೋಬರ್‌ನಲ್ಲಿ ಬ್ಯಾಂಕು ಮುಂದಿನ ಐದು ವರ್ಷದಲ್ಲಿ 7,000ದಷ್ಟು ಹುದ್ದೆ ಕಡಿಮೆ ಮಾಡುವುದಾಗಿ ಹೇಳಿತು, ಬಹುಪಾಲು ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ. ಅಲ್ಲಿಂದ ಮುಂದೆ ಯೂನಿಯನ್‌ನವರ ಕಿವಿಗೆ ಹೊಸ ಕೆಲಸದ ರೀತಿ ಅನ್ನುವ ಮಾತು ಹೇಗೆ ಕೇಳಿಸಿತು ಅಂತ ಊಹಿಸುವುದು ಕಷ್ಟವಲ್ಲ. ಸ್ಪೇನ್, ಇಟಲಿ, ಫ್ರಾನ್ಸ್ ಮುಂತಾದ ದೇಶಗಳಿಗೆಲ್ಲ ಒಂದೇ ಬ್ಯಾಂಕಿಂಗ್ ಪ್ಲಾಟ್‌ಫಾರ್ಮ್ ಕಟ್ಟುವ 'ಮ್ಯಾಗಿ' ಯೋಜನೆಯನ್ನು 2020ರ ನವೆಂಬರ್‌ನಲ್ಲಿ ಕೈಬಿಟ್ಟರು. (ಹೌದು, ಹೆಸರು ಅದೇ. ಎರಡು ನಿಮಿಷದಲ್ಲಿ ಬೇಯಲಿಲ್ಲ.) ಪ್ರತಿ ದೇಶಕ್ಕೂ ಅದರದ್ದೇ ಕಾನೂನು, ಅದರದ್ದೇ ಹಳೆಯ ಸಿಸ್ಟಮ್. ಒಂಬತ್ತು ಜನ ಒಂದು ಮೇಜಿನ ಸುತ್ತ ಕೂತು ಬಗೆಹರಿಸುವ ಗಾತ್ರದ ಕೆಲಸ ಅಲ್ಲ ಅದು.

ನಮ್ಮ ಆಫೀಸಿನ ಇಲಾಖೆಗಳಿಗೆ ಇದನ್ನು ಹೊಂದಿಸಿದರೆ

ಐಎನ್‌ಜಿಯಲ್ಲಿ ಇಲಾಖೆಗಳನ್ನು ಬಿಡಿಸಿದ ರೀತಿ ನೋಡಿದರೆ ಒಂದು ಹಂಚಿಕೆ ಹೊಳೆಯುತ್ತದೆ. ಏನು ಮಾಡಬೇಕು ಅನ್ನುವುದೇ ಪೂರ್ತಿ ಗೊತ್ತಿಲ್ಲದ ಕೆಲಸ, ಮಾಡಿ ನೋಡಿಯೇ ಕಲಿಯಬೇಕಾದ ಕೆಲಸ, ಸ್ಕ್ವಾಡ್‌ಗೆ ಸೇರುತ್ತದೆ. ಮಾರ್ಕೆಟಿಂಗ್ ಕ್ಯಾಂಪೇನ್ ಅಂಥದ್ದು. ಏನು ಮಾಡಬೇಕು ಅಂತ ಗೊತ್ತಿದ್ದು, ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಕೆಲಸಕ್ಕೆ ಸ್ಪ್ರಿಂಟ್ ಬೇಡ, ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಒಂದು ಬೋರ್ಡ್ ಸಾಕು. ಕಸ್ಟಮರ್ ಕೇರ್, ಎಚ್‌ಆರ್‌ನ ನೇಮಕಾತಿ ಇಲ್ಲಿ ಬರುತ್ತವೆ.

ಅಕೌಂಟ್ಸ್ ಇಲಾಖೆಯಲ್ಲಿ ಎರಡೂ ಗೊತ್ತು. 7ಕ್ಕೆ ಟಿಡಿಎಸ್ ಕಟ್ಟಬೇಕು, ಜಿಎಸ್‌ಟಿ ರಿಟರ್ನ್‌ಗಳಲ್ಲಿ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಈ ಪಟ್ಟಿಗೆ ಪ್ರಾಡಕ್ಟ್ ಓನರ್ ಸರ್ಕಾರವೇ. ಅವರನ್ನು ದಿನಾ ಬೆಳಗ್ಗೆ ನಿಲ್ಲಿಸಿ 'ನಿನ್ನೆ ಏನು ಮಾಡಿದಿರಿ' ಅಂತ ಕೇಳಿದರೆ ಬೈಸಿಕೊಳ್ಳುವುದು ಖಂಡಿತ. ಅಕೌಂಟ್ಸ್ ಅಜೈಲ್ ಆಗಬೇಕಾದ ಜಾಗ ಬೇರೆ ಇದೆ, ಅದು ಬಜೆಟ್. ಮಾರ್ಚ್‌ನಲ್ಲಿ ಇಡೀ ವರ್ಷದ ದುಡ್ಡನ್ನು ಪ್ರಾಜೆಕ್ಟ್ ಲೆಕ್ಕದಲ್ಲಿ ಹಂಚಿಬಿಟ್ಟರೆ, ಜುಲೈನಲ್ಲಿ ತಂಡ ಏನು ಕಲಿತರೂ ದಾರಿ ಬದಲಿಸಲು ದುಡ್ಡಿರುವುದಿಲ್ಲ. ದುಡ್ಡನ್ನು ತಂಡಕ್ಕೆ ಕೊಟ್ಟು, ಮೂರು ತಿಂಗಳಿಗೊಮ್ಮೆ ಕೂತು ಮುಂದುವರಿಸುವುದೋ ನಿಲ್ಲಿಸುವುದೋ ಅಂತ ನೋಡಬೇಕು. ಅಕೌಂಟ್ಸ್‌ನವರ ದಿನದ ಕೆಲಸ ಒಂದಿಷ್ಟೂ ಬದಲಾಗುವುದಿಲ್ಲ, ಆದರೆ ಮಾರ್ಕೆಟಿಂಗ್ ಮತ್ತು ಐಟಿ ಎರಡರ ಕೈಕಟ್ಟು ಬಿಚ್ಚುತ್ತದೆ.

ಲೀಗಲ್ ಮತ್ತು ಕಂಪ್ಲಯನ್ಸ್ (ನಿಯಮ ಪಾಲನೆ ನೋಡುವ ಇಲಾಖೆ) ನವರನ್ನು ತಂಡದೊಳಗೆ ಕೂರಿಸುವುದು ಬೇಡ. ಅವರ ಅಪ್ರೈಸಲ್ ಟ್ರೈಬ್ ಲೀಡ್ ಕೈಗಂತೂ ಬೇಡವೇ ಬೇಡ. ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಅವರಲ್ಲೊಬ್ಬರು ತಂಡಗಳ ಪ್ರಶ್ನೆಗೆ ಸಿಗುವ ಹಾಗೆ ಮಾಡಿದರೆ, ಕೊನೆ ಗಳಿಗೆಯಲ್ಲಿ ಹೋಗುವ 'ಅರ್ಜೆಂಟ್, ದಯವಿಟ್ಟು ಇವತ್ತೇ ಅಪ್ರೂವ್ ಮಾಡಿ' ಮೇಲ್‌ಗಳು ಬಹಳ ಮಟ್ಟಿಗೆ ನಿಲ್ಲುತ್ತವೆ. ಹೊಸದಾಗಿ ಹತ್ತು ತಂಡ ಶುರು ಮಾಡುವಾಗಲೇ ಅವುಗಳ ಕೆಲಸ ಪರೀಕ್ಷಿಸಲು ಅಲ್ಲಿ ಎಷ್ಟು ಜನ ಹೆಚ್ಚಬೇಕು ಅಂತಲೂ ಲೆಕ್ಕ ಹಾಕಿ, ಅದೇ ಬಜೆಟ್‌ನಲ್ಲಿ ತೆಗೆದಿಡಬೇಕು. ಸಾಮಾನ್ಯವಾಗಿ ಆ ಲೆಕ್ಕ ಕೇಳುವವರು ಆ ಮೀಟಿಂಗಿನಲ್ಲಿ ಇರುವುದೇ ಇಲ್ಲ, ಕಂಪ್ಲಯನ್ಸ್‌ನವರಿಗೆ ಮೀಟಿಂಗ್ ಇನ್ವೈಟ್ ಹೋಗಿರುವುದಿಲ್ಲ.